ಡೀಸೆಲ್ಲಿಗೆ ಬೆರೆಸುವ ಎಣ್ಣೆ: ಹಾಲು ಉತ್ಪಾದಕರು ತಿಳಿದಿರಬೇಕಾದ ಸಂಗತಿಗಳು

(ಹಾಲು ಉತ್ಪಾದಕರ ಸಹಕಾರ ಸಂಘಗಳ ಸದಸ್ಯರ ತರಬೇತಿ ಶಿಬಿರದಲ್ಲಿ ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿಗಳು ನೀಡಿದ ಉಪನ್ಯಾಸ)



ಇಂದಿನ ವಿಷಯ ಕೇಳಿ ನಿಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾಗಿರಬಹುದು. ಕೆಚ್ಚಲು ಬಾವು, ಗರ್ಭಧಾರಣೆ, ಹಸಿರು ಮೇವು ಎಂದು ಹೇಳಬೇಕಾದ ಪಶುವೈದ್ಯರಿಗೆ ಡೀಸೆಲ್ಲಿನ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಅದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದು, ನಮ್ಮ ಸದಸ್ಯರಲ್ಲಿ ಅನೇಕರು ಈಗ ಟ್ರ್ಯಾಕ್ಟರ್, ಟೆಂಪೊ, ಲಾರಿ ಇಟ್ಟುಕೊಂಡಿದ್ದಾರೆ. ಹಾಲಿನ ಮಾರ್ಗದ ಗಾಡಿಯನ್ನು ಗುತ್ತಿಗೆ ಪಡೆದವರೂ ಇದ್ದಾರೆ. ಎರಡನೆಯದು, ಹಾಲಿನ ಗಾಡಿ ದಾರಿಯಲ್ಲಿ ನಿಂತರೆ ನಷ್ಟ ಗಾಡಿಯ ಮಾಲೀಕರಿಗೆ ಮಾತ್ರವಲ್ಲ, ಆ ದಿನ ಹಾಲು ಹಾಕಿದ ಎಲ್ಲರಿಗೂ ತಟ್ಟುತ್ತದೆ. ಆಗ ತಾನೆ ಕರೆದ ಹಾಲು 37–38 ಡಿಗ್ರಿ ಬಿಸಿ ಇರುತ್ತದೆ. ಅದನ್ನು 4 ಡಿಗ್ರಿಗೆ ತಣಿಸುವವರೆಗೂ ಸೂಕ್ಷ್ಮಾಣುಗಳು ಬೆಳೆಯುತ್ತಲೇ ಇರುತ್ತವೆ. ಬೇಸಿಗೆಯಲ್ಲಿ ಕ್ಯಾನುಗಳ ಸಮೇತ ಗಾಡಿ ಎರಡು ಗಂಟೆ ನಿಂತರೆ ಏನಾಗುತ್ತದೆ ಎಂಬುದನ್ನು ಕಾರ್ಯದರ್ಶಿಗಳಿಗೆ ನಾನು ಹೇಳಬೇಕಾಗಿಲ್ಲ. ಮೂರನೆಯದು, ಇದೇ ನನಗೆ ನೇರವಾಗಿ ಸಂಬಂಧಿಸಿದ್ದು. ಡೀಸೆಲ್ಲಿಗೆ ಬೆರೆಸಲೆಂದು ತಂದಿಟ್ಟ ಎಣ್ಣೆ, ಇಂಜಿನ್ನಿನಿಂದ ಇಳಿಸಿದ ಹಳೇ ಎಣ್ಣೆ, ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ, ಇವೆಲ್ಲ ಕೊನೆಗೆ ಬಂದು ನಿಲ್ಲುವುದು ಕೊಟ್ಟಿಗೆಯ ಪಕ್ಕದಲ್ಲಿ. ಅಲ್ಲಿಂದ ಅವು ರಾಸಿನ ಹೊಟ್ಟೆಗೆ ಹೋಗುವುದು ಕಷ್ಟವೇನಲ್ಲ.

ಶಿಬಿರಗಳಲ್ಲಿ ಸದಸ್ಯರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಈಗಿನ ಡೀಸೆಲ್ಲಿನಲ್ಲಿ ಜಿಡ್ಡಿಲ್ಲವಂತೆ. ಪಂಪು ಬೇಗ ಸವೆಯುತ್ತದಂತೆ. ಟ್ಯಾಂಕಿಗೆ ಒಂದಿಷ್ಟು ಎಣ್ಣೆ ಹಾಕಿದರೆ ಒಳ್ಳೆಯದಲ್ಲವೇ?" ಈ ಪ್ರಶ್ನೆ ಅರ್ಥವಿಲ್ಲದ್ದಲ್ಲ. ಇದರ ಹಿಂದೆ ಸ್ವಲ್ಪ ನಿಜವೂ ಇದೆ. ಆ ನಿಜ ಎಷ್ಟು, ಅದರ ಮೇಲೆ ಕಟ್ಟಿದ ಮಾತು ಎಷ್ಟು ಎಂಬುದನ್ನು ನೋಡೋಣ.

ಜಿಡ್ಡಿನ ಪ್ರಶ್ನೆ ಬಂದದ್ದು ಹೇಗೆ?

ಇಂಜಿನ್ನಿನ ಒಳಭಾಗಕ್ಕೆ ಜಿಡ್ಡು ಕೊಡುವುದು ಇಂಜಿನ್ ಆಯಿಲ್. ಆದರೆ ಡೀಸೆಲನ್ನು ಒತ್ತಿ ಕಳಿಸುವ ಪಂಪು ಮತ್ತು ಅದನ್ನು ಹನಿಹನಿಯಾಗಿ ಸಿಡಿಸುವ ಇಂಜೆಕ್ಟರುಗಳ ಮಾತು ಬೇರೆ. ಅನೇಕ ಪಂಪುಗಳ ಒಳಗಿನ ಲೋಹದ ಭಾಗಗಳಿಗೆ ಡೀಸೆಲ್ಲೇ ಜಿಡ್ಡು. ಹಾಗಾಗಿ ಡೀಸೆಲ್ಲಿನ ಗುಣ ಕೆಟ್ಟರೆ ಮೊದಲು ಪೆಟ್ಟು ಬೀಳುವುದು ಪಂಪಿಗೆ.

ನಮ್ಮ ದೇಶದಲ್ಲಿ 1990ರ ದಶಕದ ಮಧ್ಯಭಾಗದವರೆಗೆ ಡೀಸೆಲ್ಲಿನಲ್ಲಿ ಶೇಕಡ 1ರವರೆಗೂ ಗಂಧಕ ಇರಲು ಅವಕಾಶವಿತ್ತು. ಅಂದರೆ 10 ಲಕ್ಷ ಭಾಗಕ್ಕೆ 10 ಸಾವಿರ ಭಾಗ. ಗಂಧಕದ ಹೊಗೆ ಗಾಳಿಗೂ ಜನರ ಶ್ವಾಸಕೋಶಕ್ಕೂ ಕೆಟ್ಟದ್ದೆಂದು ಅದನ್ನು ಹಂತಹಂತವಾಗಿ ಇಳಿಸುತ್ತ ಬರಲಾಯಿತು. 2017ರ ಏಪ್ರಿಲ್‌ನಿಂದ ದೇಶಾದ್ಯಂತ ಅದು 10 ಲಕ್ಷಕ್ಕೆ 50 ಭಾಗವಾಯಿತು. 2020ರ ಏಪ್ರಿಲ್ 1ರಿಂದ ಬಿ.ಎಸ್. 6 ಡೀಸೆಲ್ ಬಂದ ಮೇಲೆ 10 ಭಾಗಕ್ಕೆ ಇಳಿಯಿತು.

ಗಂಧಕವೇ ಜಿಡ್ಡು ಎಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಗಂಧಕವನ್ನು ತೆಗೆಯುವ ಸಂಸ್ಕರಣೆಯಲ್ಲಿ ಡೀಸೆಲ್ಲಿಗೆ ಸಹಜವಾಗಿ ಜಿಡ್ಡು ಕೊಡುವ ಬೇರೆ ಕೆಲವು ಅಂಶಗಳೂ ಹೊರಟುಹೋಗುತ್ತವೆ. ಸ್ವೀಡನ್ ದೇಶದಲ್ಲಿ 1990ರ ದಶಕದ ಆರಂಭದಲ್ಲಿ ಇಂಥ ಕಡಿಮೆ ಗಂಧಕದ ಡೀಸೆಲ್ ಬಂದಾಗ ಪಂಪುಗಳು ಸವೆದು ಕೆಟ್ಟದ್ದು ನಿಜ. ಈ ಮಾತು ಹುಟ್ಟಿದ್ದು ಆಗಲೇ.

ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಈ ತೊಂದರೆ ಕಂಡ ಮೇಲೆ ಡೀಸೆಲ್ಲಿನ ಜಿಡ್ಡನ್ನು ಅಳೆಯುವ ಪರೀಕ್ಷೆ ಜಾರಿಗೆ ಬಂತು. ಡೀಸೆಲ್ಲಿನಲ್ಲಿ ಮುಳುಗಿಸಿದ ಉಕ್ಕಿನ ತಟ್ಟೆಯ ಮೇಲೆ ಉಕ್ಕಿನ ಗುಂಡನ್ನು ಉಜ್ಜುತ್ತಾರೆ. ಗುಂಡಿನ ಮೇಲೆ ಬಿದ್ದ ಸವೆತದ ಗುರುತು 460 ಮೈಕ್ರಾನ್, ಎಂದರೆ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ, ಇದನ್ನು ಮೀರಬಾರದು. ನಮ್ಮ ದೇಶದ ಡೀಸೆಲ್ ಮಾನಕದಲ್ಲೂ ಈ ಮಿತಿ ಇದೆ. ಮಿತಿ ದಾಟುವಂತಿದ್ದರೆ ತೈಲ ಕಂಪನಿಗಳೇ ಜಿಡ್ಡು ಹೆಚ್ಚಿಸುವ ದ್ರವವನ್ನು ಅಳತೆ ಪ್ರಕಾರ ಸೇರಿಸಿ ಕಳಿಸುತ್ತವೆ. ಆದ್ದರಿಂದ ಅಧಿಕೃತ ಬಂಕಿನಲ್ಲಿ ಹಾಕಿಸಿದ ಶುದ್ಧ ಡೀಸೆಲ್ಲಿಗೆ ನೀವು ಎಣ್ಣೆ ಸೇರಿಸುವ ಅಗತ್ಯ ಬೀಳುವುದಿಲ್ಲ. ಸಮತೋಲನ ಪಶು ಆಹಾರಕ್ಕೆ ಖನಿಜ ಮಿಶ್ರಣ ಬೆರೆಸಿಯೇ ಬಂದಿರುವಾಗ ಮತ್ತೆ ಮೇಲಿಂದ ಚೀಲಗಟ್ಟಲೆ ಸುರಿದ ಹಾಗೆ ಅದು.

ಯಾವ ಯಾವ ಎಣ್ಣೆ?

ನಮ್ಮ ಭಾಗದಲ್ಲಿ ಜನ ಡೀಸೆಲ್ಲಿಗೆ ಬೆರೆಸುವುದನ್ನು ನಾನು ಕಂಡಿರುವ ಪದಾರ್ಥಗಳನ್ನು ಒಂದೊಂದಾಗಿ ಹೇಳುತ್ತೇನೆ.

1. ಟೂ ಸ್ಟ್ರೋಕ್ ಆಯಿಲ್: 200 ಲೀಟರಿಗೆ 1 ಲೀಟರಿನಂತೆ ಹಾಕುವವರಿದ್ದಾರೆ. ಈ ಪ್ರಮಾಣದಲ್ಲಿ ಹಳೆಯ ಟ್ರ್ಯಾಕ್ಟರಿನ ಪಂಪಿಗೆ ದೊಡ್ಡ ಹಾನಿಯಾಗುವುದಿಲ್ಲ. ಆದರೆ ಖರ್ಚಿಗೆ ತಕ್ಕ ಲಾಭವೂ ಇಲ್ಲ. ಲೆಕ್ಕ ಹಾಕಿ ನೋಡಿ. 60 ಲೀಟರ್ ಟ್ಯಾಂಕಿಗೆ 300 ಮಿ.ಲೀ., ತಿಂಗಳಿಗೆ 4 ಟ್ಯಾಂಕಿಗೆ 1.2 ಲೀಟರ್, ವರ್ಷಕ್ಕೆ 14 ಲೀಟರಿಗೂ ಹೆಚ್ಚು. ಒಂದು ಕರೆಯುವ ಹಸುವಿಗೆ ದಿನಕ್ಕೆ 50 ಗ್ರಾಂನಂತೆ ವರ್ಷಕ್ಕೆ ಬೇಕಾಗುವ ಖನಿಜ ಮಿಶ್ರಣ ಸುಮಾರು 18 ಕಿಲೋ. ಎರಡರ ಬೆಲೆಯನ್ನೂ ಅಂಗಡಿಯಲ್ಲಿ ವಿಚಾರಿಸಿ. ಯಾವುದಕ್ಕೆ ಹಣ ಹಾಕಿದರೆ ಹಾಲಾಗಿ ವಾಪಸು ಬರುತ್ತದೆ ಎಂಬುದು ನಿಮಗೇ ತಿಳಿಯುತ್ತದೆ.

2. ಇಂಜಿನ್ ಆಯಿಲ್, ಹಳೆಯದಾಗಲಿ ಹೊಸದಾಗಲಿ: ಇದು ಬೇಡವೇ ಬೇಡ. ಹಳೆಯದರಲ್ಲಿ ಮಸಿ, ಸವೆದ ಲೋಹದ ಪುಡಿ, ನೀರು ಎಲ್ಲ ಇರುತ್ತವೆ. ಹಳೆಯ ಬಗೆಯ ಇಂಜೆಕ್ಟರುಗಳು ಸುಮಾರು 200 ಬಾರ್ ಒತ್ತಡದಲ್ಲಿ ಕೆಲಸ ಮಾಡುತ್ತಿದ್ದವು. ಈಗಿನ ಕಾಮನ್ ರೈಲ್ ಗಾಡಿಗಳಲ್ಲಿ ಒತ್ತಡ 1600 ಬಾರ್ ಮತ್ತು ಅದಕ್ಕೂ ಮೇಲೆ. ಲಾರಿಯ ಟೈರಿನ ಗಾಳಿ 7–8 ಬಾರ್ ಎಂಬುದನ್ನು ನೆನೆದರೆ ಅಂದಾಜು ಸಿಗುತ್ತದೆ. ಅಷ್ಟು ಒತ್ತಡದಲ್ಲಿ ಕೂದಲೆಳೆಯಂಥ ರಂಧ್ರದಲ್ಲಿ ಹೋಗುವ ಡೀಸೆಲ್ಲಿನಲ್ಲಿ ಲೋಹದ ಪುಡಿ ಇದ್ದರೆ ಅದು ಉಪ್ಪುಕಾಗದದಂತೆ ಉಜ್ಜುತ್ತದೆ. ಹೊಸ ಇಂಜಿನ್ ಆಯಿಲಿನಲ್ಲಿ ಕ್ಯಾಲ್ಸಿಯಂ, ಸತು ಮೊದಲಾದವು ಇರುತ್ತವೆ. ಅವು ಸುಟ್ಟು ಬೂದಿಯಾಗುತ್ತವೆ. ಬಿ.ಎಸ್. 6 ಗಾಡಿಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಸೋಸುಕ ಇದೆ. ಮಸಿ ಅದರಲ್ಲಿ ಸುಟ್ಟುಹೋಗುತ್ತದೆ, ಬೂದಿ ಹೋಗುವುದಿಲ್ಲ. ಸೋಸುಕ ಕಟ್ಟಿಕೊಂಡರೆ ರಿಪೇರಿಗೆ ಆಗುವ ಖರ್ಚು ಒಂದು ಒಳ್ಳೆಯ ಕರುವಿನ ಬೆಲೆಯನ್ನು ಮೀರಬಹುದು. ಬೆರಕೆ ಕಂಡರೆ ಕಂಪನಿಯ ವಾರಂಟಿಯೂ ಕೈತಪ್ಪಬಹುದು.

3. ಸೀಮೆಎಣ್ಣೆ: ಇದು ಡೀಸೆಲ್ಲಿಗಿಂತ ತೆಳು. ಜಿಡ್ಡನ್ನು ಹೆಚ್ಚಿಸುವುದಿಲ್ಲ, ಕಡಿಮೆ ಮಾಡುತ್ತದೆ. ಪಡಿತರದ ನೀಲಿ ಸೀಮೆಎಣ್ಣೆಯನ್ನು ಗಾಡಿಗೆ ಹಾಕುವುದು ಕಾನೂನಿನ ಪ್ರಕಾರ ಅಪರಾಧ.

4. ಹಸಿ ಸಸ್ಯತೈಲ, ಅಂದರೆ ಹೊಂಗೆ, ಬೇವು, ಕರಿದು ಉಳಿದ ಅಡುಗೆ ಎಣ್ಣೆ: ಇದರ ವಿಚಾರ ಸ್ವಲ್ಪ ವಿವರವಾಗಿ ಹೇಳಬೇಕು.

ಹೊಂಗೆ ಎಣ್ಣೆಯ ನಿಜ ಸಂಗತಿ

ಸಸ್ಯತೈಲದಿಂದ ಡೀಸೆಲ್ ಇಂಜಿನ್ ಓಡುತ್ತದೆ ಎಂಬುದು ಹೊಸ ಮಾತಲ್ಲ. 1900ರಲ್ಲಿ ಪ್ಯಾರಿಸ್ ನಗರದ ಪ್ರದರ್ಶನದಲ್ಲಿ ಒಂದು ಸಣ್ಣ ಡೀಸೆಲ್ ಇಂಜಿನ್ನನ್ನು ನಮ್ಮ ಕಡಲೆಕಾಯಿ ಎಣ್ಣೆಯಂಥದೇ ಎಣ್ಣೆಯಲ್ಲಿ ಓಡಿಸಿ ತೋರಿಸಲಾಗಿತ್ತು. ಇಂಜಿನ್ನನ್ನು ಕಂಡುಹಿಡಿದ ರುಡಾಲ್ಫ್ ಡೀಸೆಲ್ ಅವರೇ ಇದನ್ನು ದಾಖಲಿಸಿದ್ದಾರೆ. ನಮ್ಮ ರಾಜ್ಯದಲ್ಲೂ 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಉಡುಪಿ ಶ್ರೀನಿವಾಸ ಅವರು ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದ ಜನರೇಟರುಗಳನ್ನು ಓಡಿಸಿ ನೀರೆತ್ತಿಸಿದರು. ಹಾಸನದ ಬಳಿಯ ಮಡೆನೂರಿನ ಜೈವಿಕ ಇಂಧನ ಉದ್ಯಾನದಲ್ಲೂ ಈ ದಿಕ್ಕಿನಲ್ಲಿ ಕೆಲಸ ನಡೆದಿದೆ. ಇವು ಹೆಮ್ಮೆಪಡುವಂಥ ಕೆಲಸಗಳು.

ಆದರೆ ಒಂದು ಕಡೆ ನಿಂತು ಒಂದೇ ವೇಗದಲ್ಲಿ ಓಡುವ ಜನರೇಟರ್ ಬೇರೆ, ಏರು ಇಳಿತದ ದಾರಿಯಲ್ಲಿ ಓಡುವ ಹಾಲಿನ ಗಾಡಿ ಬೇರೆ. ಹಸಿ ಎಣ್ಣೆ ಡೀಸೆಲ್ಲಿಗಿಂತ ಸುಮಾರು ಹತ್ತು ಪಟ್ಟು ಮಂದ. ಇಂಜೆಕ್ಟರಿನಿಂದ ಅದು ಮಂಜಿನಂತೆ ಸಿಡಿಯುವುದಿಲ್ಲ, ದಪ್ಪ ಹನಿಗಳಾಗಿ ಬೀಳುತ್ತದೆ. ಪೂರ್ತಿ ಉರಿಯದೆ ಉಳಿದದ್ದು ನಳಿಕೆಯ ತುದಿಯಲ್ಲಿ ಕರಿಯಾಗಿ ಕಟ್ಟುತ್ತದೆ, ಪಿಸ್ಟನ್ನಿನ ರಿಂಗುಗಳು ಅಂಟಿಕೊಳ್ಳುತ್ತವೆ, ಕೆಳಗಿಳಿದು ಇಂಜಿನ್ ಆಯಿಲನ್ನು ಅಂಟಾಗಿಸುತ್ತದೆ. ಮೊದಲ ಟ್ಯಾಂಕಿನಲ್ಲಿ ಏನೂ ಗೊತ್ತಾಗುವುದಿಲ್ಲ, ಗಾಡಿ ಚೆನ್ನಾಗಿಯೇ ಓಡುತ್ತದೆ. ಇದೇ ಮೋಸ ಹೋಗುವ ಜಾಗ. ರಾಸಿಗೆ ಒಮ್ಮೆಲೇ ಹೆಚ್ಚು ರಾಗಿ ಹಿಟ್ಟೋ ಅನ್ನವೋ ತಿನ್ನಿಸಿದಾಗ ಅದು ಮೊದಲು ಸಂತೋಷದಿಂದಲೇ ತಿನ್ನುತ್ತದೆ. ಹೊಟ್ಟೆ ಹುಳಿಯಾಗಿ ಮಲಗುವುದು ಆಮೇಲೆ.

ಹಸಿ ಎಣ್ಣೆಯನ್ನು ಮೆಥನಾಲ್ ಮತ್ತು ಕಾಸ್ಟಿಕ್ ಸೇರಿಸಿ ಸಂಸ್ಕರಿಸಿದಾಗ ಸಿಗುವುದು ಬಯೋಡೀಸೆಲ್. ಇದು ಹಸಿ ಎಣ್ಣೆಯಲ್ಲ. ಇದರ ತೆಳುವು ಡೀಸೆಲ್ಲಿಗೆ ಹತ್ತಿರ. ಜಿಡ್ಡು ಎಷ್ಟು ಚೆನ್ನಾಗಿದೆಯೆಂದರೆ ಡೀಸೆಲ್ಲಿಗೆ ಶೇಕಡ 1–2ರಷ್ಟು ಬೆರೆತರೂ ಸವೆತ ಸ್ಪಷ್ಟವಾಗಿ ಕಡಿಮೆಯಾಗುತ್ತದೆ. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯಲ್ಲಿ 2030ರ ಹೊತ್ತಿಗೆ ಡೀಸೆಲ್ಲಿಗೆ ಶೇಕಡ 5ರಷ್ಟು ಬಯೋಡೀಸೆಲ್ ಬೆರೆಸುವ ಗುರಿ ಇಡಲಾಗಿದೆ. ಎಣ್ಣೆ ಬೆರಕೆಯಲ್ಲಿ ವಿಜ್ಞಾನದ ಬೆಂಬಲ ಇರುವುದು ಇದಕ್ಕೇ. ಆದರೆ ಅದು ಮಾನಕಕ್ಕೆ ತಕ್ಕ ಬಯೋಡೀಸೆಲ್ ಆಗಿರಬೇಕು, ಅಧಿಕೃತವಾಗಿ ಬೆರೆತು ಬರಬೇಕು. ಬಯೋಡೀಸೆಲ್ ನೀರನ್ನು ಹೀರುತ್ತದೆ, ಬಹಳ ದಿನ ಇಟ್ಟರೆ ಕೆಡುತ್ತದೆ. ಮೆಥನಾಲ್ ಕಣ್ಣು ಕಳೆಯುವ, ಪ್ರಾಣ ತೆಗೆಯುವ ವಿಷ. ಹಿತ್ತಲಿನಲ್ಲಿ ಬಯೋಡೀಸೆಲ್ ತಯಾರಿಸುವ ಸಾಹಸ ಬೇಡ.

ಇಲ್ಲಿ ಪಶುವೈದ್ಯನಾಗಿ ಎರಡು ಎಚ್ಚರಿಕೆ ಹೇಳಬೇಕು. ಒಂದು, ಹೊಂಗೆ ಹಿಂಡಿಯಲ್ಲಿ ಕರಂಜಿನ್ ಎಂಬ ಕಹಿ ವಿಷಾಂಶ ಇದೆ. ಹರಳು ಹಿಂಡಿಯಲ್ಲಿ ರಿಸಿನ್ ಎಂಬ ಕಡು ವಿಷ ಇದೆ. ಜಟ್ರೋಫಾ ಹಿಂಡಿಯೂ ವಿಷವೇ. ಕಡಲೆಕಾಯಿ ಹಿಂಡಿ ದುಬಾರಿಯಾಯಿತೆಂದು ಇವನ್ನು ರಾಸಿನ ಮುಂದೆ ಇಡಬೇಡಿ. ಹೊಂಗೆ ಹಿಂಡಿಯಲ್ಲಿ ಸುಮಾರು ಶೇಕಡ 4 ಸಾರಜನಕ ಇದೆ, ಹೊಲಕ್ಕೆ ಹಾಕಿ. ಎರಡು, ಬಯೋಡೀಸೆಲ್ ತಯಾರಿಕೆಯಲ್ಲಿ ಉಳಿಯುವ ಗ್ಲಿಸರಿನ್‌ನಲ್ಲಿ ಮೆಥನಾಲ್ ಸೇರಿರುತ್ತದೆ. ಕರು ಹಾಕಿದ ಹಸು ಕೀಟೋಸಿಸ್‌ನಿಂದ ಸೊರಗಿದಾಗ ವೈದ್ಯರು ಗ್ಲಿಸರಿನ್ ಕುಡಿಸುತ್ತಾರಲ್ಲ, ಇದೂ ಅದೇ ಎಂದು ತಿಳಿದು ಕುಡಿಸಿದರೆ ಹಸುವಿನ ಪ್ರಾಣಕ್ಕೇ ಅಪಾಯವಾಗಬಹುದು.

ಕೊಟ್ಟಿಗೆಯಲ್ಲಿ ಎಣ್ಣೆಯ ಡಬ್ಬಿ

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಟ್ರ್ಯಾಕ್ಟರ್ ನಿಲ್ಲಿಸುವ ಜಾಗವೂ ರಾಸು ಕಟ್ಟುವ ಜಾಗವೂ ಒಂದೇ ಆಗಿರುವ ಮನೆಗಳು ನಮ್ಮಲ್ಲಿ ಬಹಳ. ನಾನು ಚಿಕಿತ್ಸೆಗೆ ಹೋದ ಒಂದು ಮನೆಯಲ್ಲಿ ಎಂಟು ತಿಂಗಳ ಮಿಶ್ರತಳಿ ಕಡಸು ಹಲ್ಲು ಕಡಿಯುತ್ತ, ಗೋಡೆಗೆ ತಲೆ ಒತ್ತಿ ನಿಂತಿತ್ತು. ಕಣ್ಣು ತೆರೆದೇ ಇತ್ತು, ಕೈ ಆಡಿಸಿದರೂ ರೆಪ್ಪೆ ಮಿಟುಕಲಿಲ್ಲ. ಮನೆಯವರು ಹುಚ್ಚುನಾಯಿ ಕಡಿದಿರಬಹುದೆಂದು ಹೆದರಿದ್ದರು. ಸುತ್ತ ಹುಡುಕಿದಾಗ ಮೂಲೆಯಲ್ಲಿ ಒಡೆದ ಹಳೇ ಬ್ಯಾಟರಿ, ಪಕ್ಕದಲ್ಲಿ ಇಳಿಸಿಟ್ಟ ಇಂಜಿನ್ ಆಯಿಲಿನ ಅರ್ಧ ಡಬ್ಬಿ ಸಿಕ್ಕವು. ಎರಡರ ಮೇಲೂ ನಾಲಗೆಯ ಗುರುತು ಇತ್ತು. ಅದು ಸೀಸದ ವಿಷ. ಎರಡು ದಿನ ಚಿಕಿತ್ಸೆ ನೀಡಿದರೂ ಕಡಸು ಉಳಿಯಲಿಲ್ಲ. ಇನ್ನೊಂದೂವರೆ ವರ್ಷದಲ್ಲಿ ಕರು ಹಾಕಬೇಕಾಗಿದ್ದ ಕಡಸು ಅದು.

ಬ್ಯಾಟರಿಯ ತಟ್ಟೆಗಳೇ ಸೀಸದ ಮುಖ್ಯ ಮೂಲ. 2000ದಿಂದ ದೇಶದಲ್ಲಿ ಸೀಸರಹಿತ ಪೆಟ್ರೋಲ್ ಬಂದ ಮೇಲೆ ಹಳೇ ಎಣ್ಣೆಯಲ್ಲಿ ಸೀಸ ಕಡಿಮೆಯಾಗಿದೆ. ಆದರೆ ಹಳೇ ಎಣ್ಣೆ, ಡೀಸೆಲ್, ಸೀಮೆಎಣ್ಣೆ ಯಾವುದನ್ನು ಕುಡಿದರೂ ರಾಸಿಗೆ ಅಪಾಯವಿದೆ. ಅದು ತೇಗಿದಾಗ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಬಾಯಲ್ಲೂ ಸಗಣಿಯಲ್ಲೂ ಎಣ್ಣೆಯ ವಾಸನೆ, ಮೇವು ಬಿಡುವುದು, ಹೊಟ್ಟೆ ಉಬ್ಬರ, ಕೆಮ್ಮು, ಏದುಸಿರು ಇದರ ಲಕ್ಷಣಗಳು. ಹೀಗಾದಾಗ ಮನೆಯಲ್ಲಿ ಏನನ್ನೂ ಕುಡಿಸಬೇಡಿ. ತಕ್ಷಣ ಪಶುವೈದ್ಯರನ್ನು ಕರೆಸಿ, ಅಥವಾ 1962ಕ್ಕೆ ಫೋನ್ ಮಾಡಿ. ಅಂಥ ರಾಸಿನ ಹಾಲನ್ನು ವೈದ್ಯರು ಹೇಳುವವರೆಗೆ ಸಂಘಕ್ಕೆ ಹಾಕಬಾರದು, ಮನೆಯ ಮಕ್ಕಳಿಗೂ ಕೊಡಬಾರದು.

ರಾಸು ಇಂಥದ್ದನ್ನು ನೆಕ್ಕುವುದೇಕೆ? ಹೆಚ್ಚಾಗಿ ಉಪ್ಪು, ರಂಜಕದ ಕೊರತೆಯಿಂದ. ಖನಿಜ ಮಿಶ್ರಣ, ಉಪ್ಪು, ಬೇಕಾದಷ್ಟು ನೀರು ಕೊಟ್ಟರೆ ಈ ಚಟ ಬಹುಮಟ್ಟಿಗೆ ನಿಲ್ಲುತ್ತದೆ.

ಇನ್ನು ಕೆಲವು ರೂಢಿಗಳನ್ನು ಬಿಡಬೇಕು. ಉಣ್ಣೆ, ಕಜ್ಜಿಗೆ ಹಳೇ ಇಂಜಿನ್ ಆಯಿಲ್ ಬಳಿಯುವುದು ಬೇಡ. ಚರ್ಮ ಸುಡುತ್ತದೆ, ರಾಸು ಮೈ ನೆಕ್ಕಿದಾಗ ಹೊಟ್ಟೆಗೂ ಹೋಗುತ್ತದೆ. ಹೊಟ್ಟೆ ಉಬ್ಬರಕ್ಕೆ ಸೀಮೆಎಣ್ಣೆ ಕುಡಿಸುವುದು ಬೇಡ. ನೊರೆ ಉಬ್ಬರಕ್ಕೆ ತಿನ್ನುವ ಎಣ್ಣೆಯೇ ಮದ್ದು, ಅದನ್ನೂ ತಲೆ ಮೇಲೆತ್ತದೆ ನಿಧಾನವಾಗಿ ಕುಡಿಸಬೇಕು. ಬಿ.ಎಸ್. 6 ಲಾರಿಗಳಿಗೆ ಪ್ರತ್ಯೇಕ ಟ್ಯಾಂಕಿಗೆ ಹಾಕುವ ಯೂರಿಯಾ ದ್ರವ ಎಣ್ಣೆಯಲ್ಲ, ಆದರೂ ಹೇಳಬೇಕು. ಅದರಲ್ಲಿ ಶೇಕಡ 32.5 ಯೂರಿಯಾ ಇರುತ್ತದೆ. ನೀರಿನಂತೆ ಕಾಣುವ ಅದನ್ನು ಬಕೆಟ್ಟಿನಲ್ಲಿ ಬಿಟ್ಟರೆ ಬಾಯಾರಿದ ಹಸು ಒಂದು ಲೀಟರ್ ಕುಡಿದರೂ ಸಾಯಬಹುದು.

ಕೊನೆಯದಾಗಿ ಕ್ಯಾನಿನ ವಿಚಾರ. ಹಾಲಿನ ಜಿಡ್ಡು ಸುತ್ತಲಿನ ವಾಸನೆಯನ್ನು ಬೇಗ ಹಿಡಿಯುತ್ತದೆ. ಒಮ್ಮೆ ಡೀಸೆಲ್ ತಂದ ಕ್ಯಾನನ್ನು ಎಷ್ಟು ತೊಳೆದರೂ ಹಾಲಿಗೆ ಬಳಸಬಾರದು. ಒಂದು ಕ್ಯಾನಿನ ವಾಸನೆಯಿಂದ ಇಡೀ ಸಂಘದ ಹಾಲು ತಿರಸ್ಕೃತವಾಗಬಹುದು. ಎರಡು ಲೀಟರ್ ಹಾಕುವ ಬಡ ವಿಧವೆಯ ಹಾಲೂ ಅದರಲ್ಲಿ ಸೇರಿರುತ್ತದೆ ಎಂಬುದನ್ನು ಮರೆಯಬಾರದು.

ಹಾಗಾದರೆ ಮಾಡಬೇಕಾದುದೇನು?

ಪಂಪು ಇಂಜೆಕ್ಟರುಗಳು ಕೆಡುವುದು ಎಣ್ಣೆ ಸಾಲದೆ ಎನ್ನುವುದಕ್ಕಿಂತ ನೀರು ಮತ್ತು ಕೊಳೆಯಿಂದ. ಅದಕ್ಕೆ ಪರಿಹಾರ ಸುಲಭ, ಖರ್ಚೂ ಕಡಿಮೆ.

1. ನಂಬಿಕೆಯ ಬಂಕಿನಲ್ಲೇ ಹಾಕಿಸಿ, ರಸೀತಿ ಪಡೆಯಿರಿ.

2. ಡ್ರಮ್ಮಿನಲ್ಲಿ ತಂದಿಡುವುದಾದರೆ ನೆರಳಿನಲ್ಲಿ, ಮುಚ್ಚಳ ಬಿಗಿಮಾಡಿ ಇಡಿ. ತಳದ ನಾಲ್ಕು ಬೆರಳಷ್ಟನ್ನು ಅಲುಗಿಸಬೇಡಿ, ನೀರು ಕೊಳೆ ಕೂರುವುದು ಅಲ್ಲೇ. ಸೋಸಿ ಹಾಕಿ.

3. ಸಂಜೆ ಕೆಲಸ ಮುಗಿದ ಮೇಲೆ ಟ್ಯಾಂಕ್ ತುಂಬಿಸಿಡಿ. ಖಾಲಿ ಟ್ಯಾಂಕಿನ ಒಳಗೋಡೆಯಲ್ಲಿ ರಾತ್ರಿ ತೇವ ಹನಿಗಟ್ಟುತ್ತದೆ.

4. ಫಿಲ್ಟರಿನ ಕೆಳಗಿನ ತಿರುಪಿನಿಂದ ನೀರನ್ನು ಆಗಾಗ ಬಿಡಿ. ಕೈಪಿಡಿಯಲ್ಲಿ ಹೇಳಿದ ಗಂಟೆಗೆ ಫಿಲ್ಟರ್ ಬದಲಿಸಿ.

5. ಇಳಿಸಿದ ಎಣ್ಣೆಯನ್ನು ಮುಚ್ಚಿದ ಡಬ್ಬಿಯಲ್ಲಿ, ರಾಸಿಗೆ ಎಟುಕದ ಕಡೆ ಬೀಗ ಹಾಕಿ ಇಡಿ. ಹಳೇ ಬ್ಯಾಟರಿಯನ್ನು ಮನೆಯಲ್ಲಿ ಉಳಿಸಿಕೊಳ್ಳದೆ ಅಂಗಡಿಗೆ ವಾಪಸು ಕೊಡಿ.

ಯಾರಾದರೂ ಬಾಟಲಿ ಹಿಡಿದು ಬಂದು, ಇದನ್ನು ಹಾಕಿದರೆ ಮೈಲೇಜ್ ಬರುತ್ತದೆ, ಇಂಜಿನ್ ಬಾಳುತ್ತದೆ ಎಂದರೆ ಮೂರು ಪ್ರಶ್ನೆ ಕೇಳಿ. ಇದು ಯಾವ ಎಣ್ಣೆ? ಎಷ್ಟು ಹಾಕಬೇಕು? ನನ್ನ ಗಾಡಿಯ ಕೈಪಿಡಿಯಲ್ಲಿ ಇದಕ್ಕೆ ಒಪ್ಪಿಗೆ ಇದೆಯೇ? ಮೂರಕ್ಕೂ ಸರಿಯಾದ ಉತ್ತರ ಸಿಗದಿದ್ದರೆ ಹಣವನ್ನು ಜೇಬಿನಲ್ಲೇ ಇಟ್ಟುಕೊಳ್ಳಿ. ರಾಸಿನ ಔಷಧಿ ಮಾರಲು ಬರುವವರನ್ನೂ ಇದೇ ರೀತಿ ಕೇಳಬೇಕೆಂಬುದು ನನ್ನ ಸಲಹೆ.

ಇಂದು ಮನೆಗೆ ಹೋದ ಕೂಡಲೇ ಒಂದು ಕೆಲಸ ಮಾಡಿ. ಕೊಟ್ಟಿಗೆಯ ಸುತ್ತ ಒಮ್ಮೆ ನಡೆದು ಹಳೇ ಎಣ್ಣೆಯ ಡಬ್ಬಿ, ಬ್ಯಾಟರಿ, ಎಣ್ಣೆ ಒರೆಸಿದ ಬಟ್ಟೆ ಎಲ್ಲೆಲ್ಲಿ ಬಿದ್ದಿವೆ ನೋಡಿ ತೆಗೆಸಿ. ಹದಿನೈದು ನಿಮಿಷದ ಕೆಲಸ ಅಷ್ಟೇ, ಒಂದು ಕರುವಿನ ಪ್ರಾಣ ಉಳಿಯಬಹುದು.